ಲೇಬಲಿಗೆ ಕಥೆ ಬರೆಯುತ್ತಿದ್ದವರು

ಅವರು ಬಸ್ಸಿನಲ್ಲಿ ಕೂತಲ್ಲೇ ಹೋದರು. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸು, ಎಡಬದಿಯ ಕಿಟಕಿ ಸೀಟು, ತೊಡೆಯ ಮೇಲೆ ಬಟ್ಟೆಯ ಚೀಲ. ವೇಣೂರು ದಾಟುವಾಗ ನಿದ್ದೆ ಹೋಗಿದ್ದಾರೆ ಎಂದು ಕಂಡಕ್ಟರ್ ಅಂದುಕೊಂಡನಂತೆ. ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ, "ಅಕ್ಕಾ, ಊರು ಬಂತು" ಎಂದು ಭುಜ ಮುಟ್ಟಿದಾಗಲೇ ಗೊತ್ತಾದದ್ದು.

ನನಗೆ ಸುದ್ದಿ ಸಿಕ್ಕಿದ್ದು ಮಾಣಿ ಪೇಟೆಯ ಹೋಟೆಲಿನವರೊಬ್ಬರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಮಂಗಳವಾರ ಮಧ್ಯಾಹ್ನ. ಮೂಡುಬಿದಿರೆಯ ನನ್ನ ಡಿಟಿಪಿ ಅಂಗಡಿಯಲ್ಲಿ ಕಬಡ್ಡಿ ಪಂದ್ಯದ ಫ್ಲೆಕ್ಸು ಮಾಡುತ್ತಾ ಕೂತಿದ್ದೆ. ಅವರ ಫೋಟೋ, ಕೆಳಗೆ ಕೈಮುಗಿದ ಚಿತ್ರ. ಯಾರದೋ ಬದಲಿಗೆ ಅವರ ಫೋಟೋ ತಪ್ಪಿ ಹಾಕಿದ್ದಾರೆ ಎಂದು ಫೋನ್ ಮಾಡಿದೆ. "ಹೌದು ಮಾರಾಯ್ತಿ, ಅವರೇ. ಮುಂಡಾಜೆಗೆ, ಅವರ ತಮ್ಮನ ಮನೆಗೆ ತರ್ತಿದ್ದಾರೆ. ಸಂಜೆಗೆ ಎಲ್ಲ ಮುಗಿಸ್ತಾರಂತೆ" ಎಂದರು.  ಎರಡು ವರ್ಷದಿಂದ ನಾನು ಅವರ ಜತೆ ಮಾತು ಬಿಟ್ಟಿದ್ದೆ. ನಾವು ಮಾತು ಬಿಟ್ಟವರು ಹೇಗೂ ಅಲ್ಲೇ ಇರುತ್ತಾರೆ, ಯಾವಾಗ ಬೇಕಾದರೂ ಮತ್ತೆ ಮಾತಾಡಬಹುದು ಎಂದು ನಂಬಿಕೊಂಡಿರುತ್ತೇವೆ. ಹಾಗೆ ನಂಬಿದ್ದು ಎಷ್ಟು ದೊಡ್ಡ ಅಹಂಕಾರ ಎಂದು ಆ ಸ್ಟೇಟಸ್ ನೋಡಿದಾಗ ತಿಳಿಯಿತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹತ್ತು ವರ್ಷ ಬರೆದು ಬದುಕಿದರೂ ಒಂದು ಕಡೆಯೂ ತನ್ನ ಹೆಸರು ಹಾಕಿಕೊಂಡವರಲ್ಲ. ನಾನು ಅಕ್ಕ ಎನ್ನುತ್ತಿದ್ದೆ.

ಅಕ್ಕ ಮೊದಲು ಬಿ.ಸಿ. ರೋಡಿನ ಒಂದು ಜವುಳಿ ಅಂಗಡಿಯಲ್ಲಿ ಸೇಲ್ಸಿನಲ್ಲಿದ್ದರು. ಸೀರೆ ಬಿಡಿಸಿ ಹಾಕಿ ಬಣ್ಣ, ಬಾರ್ಡರು ಎಂದು ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. "ಇದರ ಸೆರಗು ನೋಡಿ, ಇಲ್ಲಿ ಒಂದು ನೂಲು ದಪ್ಪ ಬಂದಿದೆ. ನೇಯುವವರನ್ನು ಯಾರೋ ಮಾತಾಡಿಸಿರಬೇಕು" ಎನ್ನುತ್ತಿದ್ದರು. ಹೆಂಗಸರು ಅದೇ ಸೀರೆಯನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಂಗಡಿಯ ಯಜಮಾನರು ತೀರಿಕೊಂಡು ಬಾಗಿಲು ಮುಚ್ಚಿದಾಗ ಅಕ್ಕನಿಗೆ ನಲವತ್ತು ದಾಟಿತ್ತು. ಬೇರೆ ಅಂಗಡಿಯವರು ಕರೆದರೂ ಹೋಗಲಿಲ್ಲ. ಒಂದು ದಿನ ನನ್ನಲ್ಲಿಗೆ ಬಂದು, "ಒಂದು ಕಾರ್ಡು ಮಾಡಿ ಕೊಡು" ಎಂದರು.

"ಎಂತ ಹಾಕುವುದು ಅಕ್ಕ?"

"ಕಥೆ ಬರೆದು ಕೊಡಲಾಗುವುದು ಅಂತ ಹಾಕು. ಕೆಳಗೆ ಫೋನ್ ನಂಬರು. ಅಷ್ಟು ಸಾಕು."

ಸಾಕಾಗಲಿಲ್ಲ. ಮೊದಲು ಫೋನ್ ಮಾಡಿದವರು ಜಾತಕ ಬರೆಯುತ್ತೀರಾ ಎಂದು ಕೇಳಿದರು. ಇನ್ನೊಬ್ಬರಿಗೆ ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಬೇಕಿತ್ತು. ಮೂರನೆಯವರು ಈ ಮಾಣಿಯ ಹೋಟೆಲಿನವರು. ಹೆದ್ದಾರಿ ಬದಿಯ ತಮ್ಮ ಹೋಟೆಲಿನ ಬೋರ್ಡಿಗೆ 'ಶುಚಿ, ರುಚಿ, ಉತ್ತಮ ಸೇವೆ' ಎನ್ನುವ ಥರದ್ದೇನಾದರೂ ಚಂದ ಮಾಡಿ ಬರೆಯಬೇಕೆಂದರು. ಅಕ್ಕ ಮೂರು ಬೆಳಿಗ್ಗೆ ಹೋಗಿ ಅಡುಗೆ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತರು. ಒಂಬತ್ತೂವರೆಯ ಹೊತ್ತಿಗೆ ಬಾಳೆಹಣ್ಣಿನ ಬನ್ಸ್ ಮುಗಿಯುತ್ತಿತ್ತು, ಆಮೇಲೆ ಬಂದವರು ಗೊಣಗುತ್ತಾ ಹೋಗುತ್ತಿದ್ದರು. ಅಕ್ಕ ಬರೆದದ್ದು ಇಷ್ಟು: 'ಇಲ್ಲಿ ಬನ್ಸ್ ಒಂಬತ್ತೂವರೆಗೆ ಮುಗಿಯುತ್ತದೆ. ಹಿಂದಿನ ದಿನ ಕಲಸಿದ ಹಿಟ್ಟು ಅಷ್ಟೇ ಇರುವುದು. ಕ್ಷಮಿಸಿ, ನಾಳೆ ಬೇಗ ಬನ್ನಿ.'

ಹೋಟೆಲಿನವರು ಸಿಟ್ಟಿನಲ್ಲಿ ನನಗೇ ಫೋನ್ ಮಾಡಿದ್ದರು. "ಇದೆಂತ, ನಮ್ಮಲ್ಲಿ ತಿಂಡಿ ಇಲ್ಲ ಅಂತ ಬೋರ್ಡು ಹಾಕ್ಲಿಕ್ಕೆ ಉಂಟಾ?" ಒಂದು ವಾರ ಇರಲಿ ಎಂದು ಅಕ್ಕ ಅವರನ್ನು ಒಪ್ಪಿಸಿದರು. ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನಿಂದ ಬರುವ ಕಾರುಗಳು ಎಂಟು ಗಂಟೆಗೇ ನಿಲ್ಲತೊಡಗಿದವು. ಹೋಟೆಲಿನವರು ಆಮೇಲೆ ಹಿಟ್ಟು ಹೆಚ್ಚು ಕಲಸಲು ಹೊರಟರೆ ಅಕ್ಕ ಬಿಡಲಿಲ್ಲ. "ನೀವು ಹತ್ತು ಗಂಟೆಗೂ ಬನ್ಸ್ ಕೊಟ್ಟರೆ ನಾನು ಬರೆದದ್ದು ಸುಳ್ಳಾಗ್ತದೆ" ಎಂದು ಅವರೆದುರೇ ಹೇಳಿ ಬಂದರು.

ಹೀಗೆ ಶುರುವಾಯಿತು ಅವರ ಕೆಲಸ. ಒಬ್ಬರೇ. ಆಫೀಸಿಲ್ಲ, ಸಹಾಯಕರಿಲ್ಲ. ಒಂದು ಬಟ್ಟೆಯ ಚೀಲ, ಒಂದು ನೀರಿನ ಬಾಟಲಿ, ತುದಿ ಕಚ್ಚಿದ ಪೆನ್ಸಿಲ್. ನೆರಿಯ ಊರಿನ ಹಲಸಿನ ಹಪ್ಪಳ ಮಾಡುವ ಹೆಂಗಸರು, ಮುಂಡಾಜೆಯ ಅಡಿಕೆ ಹಾಳೆತಟ್ಟೆಯವರು, ಬಂಟ್ವಾಳದ ಎಣ್ಣೆ ಗಾಣದವರು, ಮೂಡುಬಿದಿರೆಯ ಬೇಕರಿಯವರು, ಹೀಗೆ ಒಬ್ಬರಿಂದೊಬ್ಬರು ಕರೆದರು. ಇದಕ್ಕೆ ಈಗ ಬ್ರ್ಯಾಂಡ್ ಸ್ಟೋರಿ ಎನ್ನುತ್ತಾರೆ ಎಂದು ಯಾವುದೋ ಕಾಲೇಜಿನ ಹುಡುಗಿಯರು ಅವರಿಗೆ ಹೇಳಿದರಂತೆ. "ಹೌದಾ? ನಾನು ಲೇಬಲ್ ಬರೆಯುವುದು ಅಂತ ಗ್ರಹಿಸಿದ್ದೆ" ಎಂದು ನಕ್ಕರು.

ಮೂರು ಸಲ ಹೋಗಿ ಕೂರದೆ ಅವರು ಒಂದು ಸಾಲೂ ಬರೆಯುತ್ತಿರಲಿಲ್ಲ. ಮೊದಲ ಸಲ ಜನ ಸುಳ್ಳು ಹೇಳುತ್ತಾರೆ, ಎರಡನೇ ಸಲ ಹೊಗಳಿಕೊಳ್ಳುತ್ತಾರೆ, ಮೂರನೇ ಸಲ ಅವರವರ ಕೆಲಸಕ್ಕೆ ತಿರುಗುತ್ತಾರೆ, ಆಗ ನೋಡಬೇಕು ಎನ್ನುವುದು ಅವರ ಲೆಕ್ಕ. ಎಲ್ಲರಿಗೂ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದರು: "ನಿಮ್ಮ ಕೈಯಲ್ಲಿ ಹಾಳಾದದ್ದು ಎಂತ?" ಹಾಳೆತಟ್ಟೆಯವರು ಎರಡು ದಿನ ಹೂಂ, ಊಹೂಂ ಬಿಟ್ಟರೆ ಮಾತಾಡದ ಮನುಷ್ಯ. ಈ ಪ್ರಶ್ನೆ ಕೇಳಿದ್ದೇ, ಮದುವೆಯೊಂದಕ್ಕೆ ಕೊಟ್ಟ ತಟ್ಟೆಗಳಿಗೆಲ್ಲ ಬೂಸ್ಟು ಹಿಡಿದು, ಊಟಕ್ಕೆ ಅರ್ಧ ಗಂಟೆ ಇರುವಾಗ ತಾನು ಊರೆಲ್ಲ ಬಾಳೆಎಲೆ ಹುಡುಕಿ ಓಡಿದ್ದನ್ನು ಬಡಬಡನೆ ಹೇಳಿದರಂತೆ. ಹೇಳಿ ಮುಗಿಸುವಾಗ ಅವರ ಕಣ್ಣಲ್ಲಿ ನೀರಿತ್ತು ಎಂದರು ಅಕ್ಕ.

ಅಜ್ಜಿಯ ಕೈರುಚಿ ಎಂಬ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ನೆರಿಯದ ಹೆಂಗಸರು ಹಪ್ಪಳದ ಪ್ಯಾಕೆಟಿನ ಮೇಲೆ ಅದನ್ನೇ ಹಾಕಬೇಕೆಂದಾಗ, "ಯಾರ ಅಜ್ಜಿ? ಹೆಸರು ಹೇಳಿ" ಎಂದು ಕೇಳಿದರು. ಅವರು ಮುಖಮುಖ ನೋಡಿಕೊಂಡರು. "ಇಲ್ಲದ ಅಜ್ಜಿಯನ್ನು ನಾನು ಕರೆಯುವುದಿಲ್ಲ. ನೀವು ಐದು ಜನ ಇದ್ದೀರಲ್ಲ, ನಿಮ್ಮದೇ ಹೇಳುವ" ಎಂದು ಆ ಐವರ ಬಗ್ಗೆಯೇ ಬರೆದರು.

ಬರೆದದ್ದನ್ನು ಮಂಗಳವಾರ ನನ್ನಲ್ಲಿಗೆ ತರುತ್ತಿದ್ದರು. ಅವರು ಓದುವುದು, ನಾನು ಟೈಪ್ ಮಾಡುವುದು. ಓದುವಾಗ ಕಾಗದ ನೋಡುತ್ತಿರಲಿಲ್ಲ, ನನ್ನ ಬೆರಳು ನೋಡುತ್ತಿದ್ದರು. ಬೆರಳು ಎಲ್ಲಾದರೂ ತಡೆದರೆ, "ಎಂತ ಆಯ್ತು ಅಲ್ಲಿ?" ಎಂದು ಆ ಸಾಲನ್ನು ಹೊಡೆದು ಹಾಕುತ್ತಿದ್ದರು. ನಾವೆಲ್ಲ ಮಾತಾಡುವುದು ತುಳುವಿನಲ್ಲಿ, ಲೇಬಲ್ ಇರುವುದು ಕನ್ನಡದಲ್ಲಿ. ನಡುವೆ ಎಲ್ಲೋ ಸತ್ಯ ಸೋರಿ ಹೋಗುತ್ತದೆ ಎಂದು ಅವರಿಗೆ ಸದಾ ಅನುಮಾನ.

ಇಂಥವರನ್ನು ಯಾರು ನಂಬುವುದಿಲ್ಲ ಹೇಳಿ. ನಾನು ನಂಬಿದೆ.

ಒಂದು ಮಂಗಳವಾರ ಕರೆಂಟು ಹೋಗಿತ್ತು. ಟೈಪಿಂಗ್ ಬಿಟ್ಟು ಇಬ್ಬರೂ ಬುತ್ತಿ ಬಿಚ್ಚಿದ್ದೆವು. ನನ್ನ ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಬುತ್ತಿಯಲ್ಲಿ ಅವಳು ಹಾಕಿಟ್ಟ ಮಾವಿನಮಿಡಿ ಉಪ್ಪಿನಕಾಯಿ ಇತ್ತು. ಅಕ್ಕ ಒಂದು ಮಿಡಿ ಕಚ್ಚಿದರು. ಆಮೇಲೆ ಮೆಲ್ಲಗೆ, "ಅಮ್ಮನ ಕೈಯಲ್ಲಿ ಹಾಳಾದದ್ದು ಎಂತ?" ಎಂದರು.

ನಾನು ಯಾರಿಗೂ ಹೇಳದ್ದನ್ನು ಹೇಳಿದೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಟೈಫಾಯ್ಡ್ ಬಂದಿತ್ತು. ಜ್ವರ ಬಿಟ್ಟ ಮೇಲೆ ಅವಳಿಗೆ ವಾಸನೆಯೂ ತಿಳಿಯಲಿಲ್ಲ, ರುಚಿಯೂ ತಿಳಿಯಲಿಲ್ಲ. ಮತ್ತೆ ಬರಲೇ ಇಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದಳು, ಜತೆಗೆ ನಾಲ್ಕಾರು ಮನೆಗೆ ಉಪ್ಪಿನಕಾಯಿ ಹಾಕಿ ಕೊಡುತ್ತಿದ್ದಳು. ನಾಲಗೆ ಸತ್ತವಳ ಉಪ್ಪಿನಕಾಯಿ ಯಾರು ಕೊಳ್ಳುತ್ತಾರೆ? ಹಾಗಾಗಿ ನನ್ನನ್ನು ಎದುರು ಕೂರಿಸಿ, ಬೆರಳಲ್ಲಿ ನನ್ನ ನಾಲಗೆಗೆ ಹಚ್ಚಿ, ನನ್ನ ಮುಖ ನೋಡುತ್ತಿದ್ದಳು. ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಹುಬ್ಬು ಗಂಟಾದರೆ ಉಪ್ಪು ಹೆಚ್ಚಾಗಿದೆ, ಕಣ್ಣು ತಾನಾಗಿ ಮುಚ್ಚಿಕೊಂಡರೆ ಸರಿಯಾಗಿದೆ. ಮನೆಯ ಸಾರು, ಪಲ್ಯಕ್ಕೂ ಹಾಗೆಯೇ. "ಅಪ್ಪನಿಗೆ ಹೇಳಬೇಡ, ಮತ್ತೆ ಅವರಿಗೆ ಊಟ ಸೇರದು" ಎಂದಿದ್ದಳು. ಹೇಳಿರಲಿಲ್ಲ. ಅವಳು ಸಾಯುವವರೆಗೂ ಹೇಳಿರಲಿಲ್ಲ.

ಅಕ್ಕ ಪೂರ್ತಿ ಕೇಳಿದರು. ಪೆನ್ಸಿಲ್ ಹೊರಗೆ ತೆಗೆಯಲಿಲ್ಲ. ಅದಕ್ಕೇ ಇರಬೇಕು, ನನಗೆ ಏನೂ ಸಂಶಯ ಬರಲಿಲ್ಲ.

ಒಂದು ವರ್ಷ ಕಳೆದು ಬಂಟ್ವಾಳದಲ್ಲಿ ಸೋದರತ್ತೆಯ ಮನೆಗೆ ಊಟಕ್ಕೆ ಹೋಗಿದ್ದೆ. ಮೇಜಿನ ಮೇಲೆ ಹೊಸದೊಂದು ಉಪ್ಪಿನಕಾಯಿ ಬಾಟಲಿ. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟು, "ನೀನೂ ಲೇಬಲ್ ಮಾಡುವವಳಲ್ವಾ? ಇದನ್ನು ಓದು. ಎಷ್ಟು ಚಂದ ಬರೆದಿದ್ದಾರೆ" ಎಂದರು. ಓದಿದೆ.

'ನಮ್ಮ ಅಜ್ಜಿಗೆ ರುಚಿ ತಿಳಿಯುತ್ತಿರಲಿಲ್ಲ. ಒಂದು ಜ್ವರ ಅದನ್ನು ಒಯ್ದಿತ್ತು. ಮೊಮ್ಮಗಳ ನಾಲಗೆಗೆ ಉಪ್ಪಿನಕಾಯಿ ಹಚ್ಚಿ ಅವಳ ಮುಖ ನೋಡುತ್ತಿದ್ದಳು. ಹುಬ್ಬು ಗಂಟಾದರೆ ಉಪ್ಪು ಹೆಚ್ಚು. ಕಣ್ಣು ಮುಚ್ಚಿದರೆ ಸರಿ. ಈ ಬಾಟಲಿಯಲ್ಲಿ ಇರುವುದು ಆ ಮುಖ ಒಪ್ಪಿದ ಉಪ್ಪು.'

 ಅನ್ನ ಕಲಸಿದ ಕೈ ತಟ್ಟೆಯಲ್ಲೇ ನಿಂತುಹೋಯಿತು.  ಲೇಬಲ್ ನನ್ನಲ್ಲಿ ಮಾಡಿಸಿದ್ದಲ್ಲ, ಕೆಳಗೆ ಮಂಗಳೂರಿನ ಪ್ರೆಸ್ಸಿನ ಹೆಸರಿತ್ತು. ಅಂದರೆ ಬೇಕೆಂದೇ ನನ್ನ ಕಣ್ಣು ತಪ್ಪಿಸಿದ್ದು. ಬಾಟಲಿಯನ್ನು ಕೇಳಿ ತೆಗೆದುಕೊಂಡು, ಮನೆಗೆ ಬಂದು ಅಡುಗೆ ಕಟ್ಟೆಯ ಮೇಲಿಟ್ಟು, ಅಕ್ಕನ ಹತ್ತಿರ ಎಂತ ಮಾತಾಡುವುದೆಂದು ಯೋಚಿಸುತ್ತಾ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಕಟ್ಟೆಯ ಬಳಿ ನಿಂತು ಅದನ್ನು ಓದುತ್ತಿದ್ದಾರೆ. ಅಪ್ಪ ಟೈಲರು. ಸೂಜಿಗೆ ನೂಲು ಪೋಣಿಸುವಾಗ ಹಾಕುವ ದಪ್ಪ ಕನ್ನಡಕ ಹಾಕಿಕೊಂಡಿದ್ದರು.

"ನೀನು ಹೀಗೇ ಮುಖ ಮಾಡ್ತಿದ್ದೆ" ಎಂದರು. "ಅಮ್ಮನೆದುರು ಕೂತು. ನಾನು ತಮಾಷೆಗೆ ಅಂತ ಗ್ರಹಿಸಿದ್ದೆ."

ನಾನು ಬಾಟಲಿಗೆ ಕೈ ಚಾಚಿದೆ, ಅಪ್ಪ ಕೊಡಲಿಲ್ಲ.

"ಅಂದ್ರೆ ಅವಳಿಗೆ..."

"ಹೌದು ಅಪ್ಪ."

"ಯಾವಾಗಿನಿಂದ?"

"ಆ ಜ್ವರ ಬಂದಿತ್ತಲ್ಲ, ಅವತ್ತಿನಿಂದ."

ಅಪ್ಪ ಬಾಟಲಿಯನ್ನು ಕೆಳಗಿಟ್ಟು ಅಲ್ಲೇ ಮಣೆಯ ಮೇಲೆ ಕೂತರು. ಆಮೇಲೆ ಅವರು ಹೇಳಿದ್ದು ಇದು: "ಒಂದು ಸಲ ನೀನು ರಜೆಯಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದಿ. ಸಾರು ಬಾಯಿಗಿಡ್ಲಿಕ್ಕೆ ಆಗದಷ್ಟು ಉಪ್ಪು. ನಾನು ಬಟ್ಟಲು ಎತ್ತಿ ಅಂಗಳಕ್ಕೆ ಎಸೆದೆ. ಮನಸ್ಸು ಎಲ್ಲಿ ಉಂಟು ನಿಂದು ಅಂತ ಕೇಳಿದೆ. ಅವಳು ಹೋಗಿ ಬಟ್ಟಲು ಹೆಕ್ಕಿ ತಂದು ತೊಳೆದಿಟ್ಟಳು. ಒಂದು ಮಾತು ಹೇಳಲಿಲ್ಲ."

ಅಂದು ಅಪ್ಪ ಅಂಗಡಿ ತೆರೆಯಲಿಲ್ಲ. ನನಗೆ ಬುದ್ಧಿ ಬಂದ ಮೇಲೆ ಅಪ್ಪ ಹಾಗೆ ಗೋಡೆ ನೋಡುತ್ತಾ ಕೂತದ್ದನ್ನು ನಾನು ಕಂಡದ್ದಿಲ್ಲ, ಅಮ್ಮ ಹೋದ ದಿನವೂ.

ನಾನು ಸೀದಾ ಬೆಳ್ತಂಗಡಿಯ ಬಸ್ಸು ಹತ್ತಿದೆ. ಅಕ್ಕ ಅಲ್ಲಿ ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದರು. ಬಾಗಿಲು ತೆರೆದವರು ನನ್ನ ಕೈಯಲ್ಲಿದ್ದ ಬಾಟಲಿ ನೋಡಿದರು. ಬಾ ಎನ್ನಲಿಲ್ಲ, ಪಕ್ಕಕ್ಕೆ ಸರಿದು ನಿಂತರು.

"ಇದು ನನ್ನ ಅಮ್ಮ" ಎಂದೆ.

"ಹೌದು."

"ಯಾರ ಅಜ್ಜಿ ಅಕ್ಕ ಇದು? ಹೆಸರು ಹೇಳಿ."

 ಅವರು ಹೋಗಿ ಕಿಟಕಿಯ ಸರಳು ಹಿಡಿದುಕೊಂಡರು. "ನಾಲ್ಕು ಸಲ ಹೋಗಿ ಕೂತೆ ಅಲ್ಲಿ. ಎಂತದೂ ಇರಲಿಲ್ಲ. ಅವರು ಬೇರೆಯವರ ಹತ್ತಿರ ತಂದು ಬಾಟಲಿಗೆ ತುಂಬಿಸುವುದು ಅಷ್ಟೇ. ದೊಡ್ಡ ಪಾರ್ಟಿ, ನಾನು ಒಪ್ಪಿಕೊಂಡಾಗಿತ್ತು. ಮನೆಗೆ ಬಂದು ಕೂತರೆ ನಿನ್ನ ಅಮ್ಮ ಬಿಟ್ಟು ಬೇರೆ ಎಂತದೂ ನೆನಪಿಗೆ ಬರ್ಲಿಲ್ಲ."

"ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀನು ಬೇಡ ಅಂತ ಹೇಳ್ತಿದ್ದೆ. ಅದಕ್ಕೇ ಕೇಳಲಿಲ್ಲ."

ಅಷ್ಟು ನೇರವಾಗಿ ಹೇಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ತಪ್ಪಾಯಿತು ಎನ್ನುತ್ತಾರೆ, ಏನಾದರೊಂದು ನೆವ ಹೇಳುತ್ತಾರೆ, ಆಗ ಬೈಯಬಹುದು ಎಂದುಕೊಂಡು ಹೋಗಿದ್ದೆ. ನೆವ ಇಲ್ಲದವರನ್ನು ಬೈಯುವುದು ಹೇಗೆ? ಅಪ್ಪ ಹೇಳಿದ ಸಾರಿನ ಬಟ್ಟಲಿನ ಮಾತನ್ನು ಅವರೆದುರು ಕಲ್ಲಿನಂತೆ ಎಸೆದೆ. ಅಕ್ಕ ನೆಲದ ಮೇಲೆ ಕೂತರು. ನಾನು ಬಾಟಲಿಯನ್ನು ಅಲ್ಲೇ ಇಟ್ಟು ಮೆಟ್ಟಿಲಿಳಿದು ಬಂದೆ.

ಲೇಬಲ್ ತೆಗೆಸಲು ಅವರು ಹೋದರು ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಮಾಲೀಕರು ಒಪ್ಪಲಿಲ್ಲ. ಜನ ಕೊಳ್ಳುವುದೇ ಆ ಕಥೆ ಓದಿ, ತೆಗೆಯುವುದು ಹೇಗೆ ಎಂದರಂತೆ. ಆ ಮಾಲೀಕರ ಕೆಲಸವನ್ನು ಅಕ್ಕ ಅಲ್ಲಿಗೇ ಬಿಟ್ಟರು. ಬಾಟಲಿ ಈಗಲೂ ಅಂಗಡಿಗಳಲ್ಲಿ ಉಂಟು. ಅಕ್ಕ ನನ್ನಲ್ಲಿಗೆ ಬರುವುದನ್ನು ನಿಲ್ಲಿಸಿದರು. ಮೂಡುಬಿದಿರೆಯಲ್ಲಿ ಒಂದೆರಡು ಸಲ ದೂರದಿಂದ ಕಂಡದ್ದುಂಟು. ಬೇರೆ ಯಾರದೋ ಅಂಗಡಿಯಲ್ಲಿ ಟೈಪ್ ಮಾಡಿಸುತ್ತಾರೆ ಎಂದುಕೊಂಡು ಮುಖ ತಿರುಗಿಸಿದ್ದೆ.

ಸ್ಟೇಟಸ್ ನೋಡಿದ ಆ ಮಂಗಳವಾರ, ಕಂಪ್ಯೂಟರ್ ಆರಿಸಿ, ಅಪ್ಪನಿಗೆ ಹೇಳಬೇಕೆಂದು ಅವರ ಅಂಗಡಿಗೆ ನಡೆದೆ. ನನ್ನಲ್ಲಿಂದ ಐದು ನಿಮಿಷದ ದಾರಿ. ಅಪ್ಪ ರವಕೆಯೊಂದಕ್ಕೆ ಕೈಹೊಲಿಗೆ ಹಾಕುತ್ತಿದ್ದರು.

"ಅಪ್ಪ, ಆ ಅಕ್ಕ ಇದ್ದರಲ್ಲ, ಲೇಬಲ್ ಬರೆಯುವವರು. ತೀರಿಕೊಂಡ್ರಂತೆ. ಬಸ್ಸಿನಲ್ಲಿ."

ಅಪ್ಪ ಸೂಜಿಯನ್ನು ರವಕೆಗೆ ಚುಚ್ಚಿಟ್ಟರು. "ಯಾವ ಬಸ್ಸು?"

"ಬೆಳ್ತಂಗಡಿಗೆ ಹೋಗುವುದು. ಬೆಳಿಗ್ಗೆ."

"ಈಗ ಎದ್ದು ಹೋದದ್ದಲ್ವಾ ಇಲ್ಲಿಂದ" ಎಂದರು ಅಪ್ಪ. "ಈ ಸ್ಟೂಲಿನಲ್ಲಿ ಕೂತಿದ್ರು. ಹತ್ತು ಗಂಟೆಗೆ ಚಾ ಕುಡಿದು ಹೋದ್ರು."

ಅವರೆಲ್ಲೋ ತಪ್ಪಿ ಮಾತಾಡುತ್ತಿದ್ದಾರೆ ಎಂದೇ ಭಾವಿಸಿದೆ. ಅಪ್ಪನಿಗೆ ಗಾಬರಿಯಾಗಿ ಯಾರನ್ನೋ ಯಾರಿಗೋ ಸೇರಿಸುತ್ತಿರಬೇಕು. ಆದರೆ ಅಪ್ಪ ಆ ಸ್ಟೂಲನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಎರಡು ಚಾ ಲೋಟ ಇನ್ನೂ ಇತ್ತು. 

ಅಪ್ಪನೂ ನಾನೂ ಮುಂಡಾಜೆಗೆ ಹೊರಟ ಬಸ್ಸಿನಲ್ಲಿ ಒಂದೊಂದೇ ಹೊರಬಂತು. ನಾನು ಬಾಟಲಿ ಇಟ್ಟು ಬಂದ ಮುಂದಿನ ಮಂಗಳವಾರವೇ ಅಕ್ಕ ಅಪ್ಪನ ಅಂಗಡಿಗೆ ಬಂದಿದ್ದರು. ಹೊಸ್ತಿಲಾಚೆ ನಿಂತೇ ಕ್ಷಮೆ ಕೇಳಿದರಂತೆ. "ನಾನು ಎಂತ ಹೇಳುವುದು? ಕ್ಷಮೆ ನಾನು ಕೇಳಬೇಕಾದವರು ಬೇರೆ ಇದ್ದರು. ಅವರೀಗ ಇಲ್ಲ. ಬಿಸಿಲಲ್ಲಿ ನಿಲ್ಲಬೇಡಿ, ಒಳಗೆ ಕೂತ್ಕೊಳ್ಳಿ ಅಂದೆ" ಎಂದರು ಅಪ್ಪ. ಆಮೇಲೆ ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಮಂಗಳವಾರ ಬಂದಿದ್ದಾರೆ.

"ಎಂತ ಮಾತಾಡ್ತಿದ್ರಿ ಇಬ್ಬರೂ?"

"ಅಮ್ಮನ ವಿಷಯ. ಅವರು ಕೇಳುವುದು, ನಾನು ಹೇಳುವುದು."

"ಬರೆದುಕೊಳ್ತಿದ್ರಾ?" ನನ್ನ ಸ್ವರ ನನಗೇ ಕೆಟ್ಟದಾಗಿ ಕೇಳಿಸಿತು.

"ಇಲ್ಲ. ನಾನೇ ಒಂದು ಸಲ ಹೇಳಿದೆ, ಬೇಕಾದರೆ ಬರೆಯಿರಿ ಅಂತ. ಇದನ್ನು ಬರೆಯುವ ಹಕ್ಕು ನನಗಿಲ್ಲ ಅಂದ್ರು. ಇಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿಕೊಳ್ಳಿ, ಮತ್ತೆ ಮಗಳಿಗೆ ಹೇಳಿ ಅಂದ್ರು. ಇವತ್ತೂ ಅದನ್ನೇ ಕೇಳಿ ಹೋದದ್ದು, ಹೇಳಿದ್ರಾ ಅಂತ. ಇನ್ನೂ ಇಲ್ಲ ಅಂದೆ."

ಮುಂಡಾಜೆಯ ಮನೆಯಂಗಳದಲ್ಲಿ ಜನ ತುಂಬಿತ್ತು. ಹೋಟೆಲಿನವರು, ಹಾಳೆತಟ್ಟೆಯವರು, ನೆರಿಯದ ಐದೂ ಜನ ಹೆಂಗಸರು. ಎಲ್ಲರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿದ್ದರು. ಅಕ್ಕನ ತಮ್ಮ ನಮ್ಮ ಹತ್ತಿರ ಬಂದು, "ಅಕ್ಕನಿಗೆ ನೀವು ಎಂತ ಆಗಬೇಕು?" ಎಂದು ಕೇಳಿದ.  ಅಪ್ಪ, "ಪರಿಚಯದವರು" ಎಂದರು. ಅಕ್ಕನ ಮುಖ ನೋಡಲು ಹತ್ತಿರ ಹೋದೆ. ನೋಡಿದೆ. ಕ್ಷಮಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಕ್ಷಮಿಸಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಆದರೆ ಎರಡು ವರ್ಷ ನಾನು ಮನೆಯಲ್ಲಿ ಅಪ್ಪನೆದುರು ಕೂತು ಉಂಡಿದ್ದೇನೆ, ಆ ಬಟ್ಟಲಿನ ಮಾತು ಮತ್ತೆ ಎತ್ತಿರಲಿಲ್ಲ. ಎತ್ತಿದರೆ ಅವರಿಗೆ ನೋವಾದೀತು ಎಂದುಕೊಂಡಿದ್ದೆ. ಅಪ್ಪ ನನ್ನ ಅಂಗಡಿಯಿಂದ ಐದು ನಿಮಿಷದ ದಾರಿಯಲ್ಲಿ ಕೂತು, ನನ್ನ ಅಮ್ಮನನ್ನು ಕದ್ದವರ ಹತ್ತಿರ ಅದನ್ನು ಹೇಳಿಕೊಳ್ಳುತ್ತಿದ್ದರು.

ಹಿಂದಿರುಗುವಾಗ ಸಂಜೆಯ ಬಸ್ಸು ಖಾಲಿ ಇತ್ತು. ಗುರುವಾಯನಕೆರೆ ದಾಟಿದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವವರ ಹಾಗೆ ಶುರುಮಾಡಿದರು.

"ನಿನಗೆ ಒಂದು ವಿಷಯ ಗೊತ್ತಿಲ್ಲ. ಆ ಜ್ವರ ಬಿಟ್ಟ ಮೇಲೆ, ನೀನು ಶಾಲೆಗೆ ಹೋಗಿರುವಾಗ ನಿನ್ನ ಅಮ್ಮ ಕೆಲವು ದಿನ ಪೇಟೆಗೆ ಬರ್ತಿದ್ದಳು, ಕಟ್ಟಿದ ಬೀಡಿ ಬ್ರಾಂಚಿಗೆ ಕೊಡ್ಲಿಕ್ಕೆ. ಆಗ ನನ್ನ ಅಂಗಡಿಗೆ ಬಂದು, ಐಸ್‌ಕ್ರೀಂ ತಿನ್ನುವ ಅಂತ ಹೇಳ್ತಿದ್ದಳು. ಬೇರೆ ಎಂತದೂ ಕೇಳಿದವಳಲ್ಲ, ಸೀರೆಯೂ ಕೇಳಿದವಳಲ್ಲ. ಯಾವುದು ಬೇಕು ಅಂತ ಕೇಳಿದ್ರೆ, ಯಾವುದಾದರೂ ಆದೀತು ಅನ್ನುವುದು. ನಾನು ಪಿಸ್ತಾ ಹೇಳ್ತಿದ್ದೆ, ನನಗೆ ಪಿಸ್ತಾ ಇಷ್ಟ. ಅವಳು ಕಣ್ಣು ಮುಚ್ಚಿ ತುಂಬ ಹೊತ್ತು ಬಾಯಲ್ಲಿ ಇಟ್ಟುಕೊಳ್ತಿದ್ದಳು. ಒಂದು ದಿನ ಕೇಳಿದೆ, ಅಷ್ಟು ಎಂತ ರುಚಿ ಉಂಟು ಅದರಲ್ಲಿ ಅಂತ. ತಣ್ಣಗೆ ಆಗುವುದು ಗೊತ್ತಾಗ್ತದೆ, ಅಂದಳು."

ಅಪ್ಪ ಕಿಟಕಿಯ ಕಡೆ ತಿರುಗಿದರು.

"ಸೆಕೆಗೆ ಹೇಳಿದ್ದು ಅಂತ ಗ್ರಹಿಸಿದೆ ನಾನು."